ಐಸ್‌ಲ್ಯಾಂಡ್: ಮೊದಲು ಗಾಳಿ ನೋಡಿ, ಆಮೇಲೆ ಜಲಪಾತ

ಸ್ಕೋಗಾಫಾಸ್ ಜಲಪಾತದ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಸ್ವಲ್ಪ ತೆಗೆದೆ. ಉಳಿದದ್ದನ್ನು ಗಾಳಿ ತೆಗೆಯಿತು. ಹಿಂದಿನಿಂದ ಬಂದ ಒಂದೇ ಹೊಡೆತಕ್ಕೆ ಬಾಗಿಲು ಮುಂದಕ್ಕೆ ಬಾಗಿ, ಆಮೇಲೆ ಸರಿಯಾಗಿ ಮುಚ್ಚಲೇ ಇಲ್ಲ. ಬಾಡಿಗೆ ಕಾರು ಬೇರೆ. ಗಾಳಿಗೆ ಬಾಗಿಲು ಹಾಳಾದರೆ ವಿಮೆ ಕೊಡುವುದಿಲ್ಲ ಎಂದು ಕಾಗದದಲ್ಲಿ ಬರೆದೇ ಇತ್ತು. ಓದದೆ ಸಹಿ ಹಾಕಿದವಳು ನಾನೇ. ನಾವು ಕಟ್ಟಿದ ದುಡ್ಡಿಗೆ ಮನೆಗೆ ಒಂದು ಒಳ್ಳೆ ಫ್ರಿಜ್ ಬರುತ್ತಿತ್ತು.

ಹಾಗಾಗಿ ಐಸ್‌ಲ್ಯಾಂಡ್ ಬಗ್ಗೆ ಯಾರು ಕೇಳಿದರೂ ನಾನು ಗಾಳಿಯಿಂದಲೇ ಶುರು ಮಾಡುತ್ತೇನೆ. ಕಾರಿನ ಮೂತಿ ಗಾಳಿ ಬರುವ ಕಡೆಗಿರುವಂತೆ ನಿಲ್ಲಿಸಿ. ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೇ ತೆಗೆಯಿರಿ. ಅಲ್ಲಿನ ಹವಾಮಾನ ಇಲಾಖೆಯ ‘ವೆದುರ್’ ಆಪ್ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೋರಿಸುತ್ತದೆ. 15 ಅಂದರೆ ಗಂಟೆಗೆ 54 ಕಿಲೋಮೀಟರ್. ಅದು ದಾಟಿದ ದಿನ ನಾವು ದೂರದ ಡ್ರೈವ್ ಕೈಬಿಟ್ಟೆವು. ಕೊಡೆಯನ್ನಂತೂ ಮನೆಯಲ್ಲೇ ಬಿಡಿ. ಉಡುಪಿ ಕಡೆಯವರಿಗೆ ಈ ಮಾತು ಕಷ್ಟ, ಗೊತ್ತು. ಅಮ್ಮನ ಕೊಡೆ ಮೊದಲ ದಿನವೇ ತಿರುಗಿಬಿತ್ತು. ನೀರು ಇಳಿಯದ ಜಾಕೆಟ್, ಪ್ಯಾಂಟ್ ಎರಡೂ ಬೇಕು.

ನಾವು ಮೂವರು ಹೋದದ್ದು ಜೂನ್ ಮೊದಲ ವಾರ: ನಾನು, ಇವರು, 66 ವರ್ಷದ ಅಮ್ಮ. ಕೈಯಲ್ಲಿ ಇದ್ದದ್ದು ಒಂದು ವಾರ. ದ್ವೀಪ ಸುತ್ತುವ ರಿಂಗ್ ರೋಡ್ 1,300 ಕಿಲೋಮೀಟರಿಗೂ ಜಾಸ್ತಿ ಇದೆ. ವಾರದಲ್ಲಿ ಅದನ್ನು ಮುಗಿಸುತ್ತೇವೆ ಅನ್ನುವವರು ಮುಗಿಸಬಹುದು. ಆದರೆ ನೋಡುವುದು ರಸ್ತೆಯನ್ನು ಮಾತ್ರ. ನಾವು ದಕ್ಷಿಣ ಕರಾವಳಿ ಒಂದನ್ನೇ ಹಿಡಿದೆವು. ಎರಡು ರಾತ್ರಿ ರಾಜಧಾನಿ ರೇಕ್ಯಾವಿಕ್ ಹತ್ತಿರ, ಎರಡು ವೀಕ್ ಎಂಬ ಊರಿನಲ್ಲಿ, ಎರಡು ಇನ್ನೂ ಪೂರ್ವಕ್ಕೆ ಹಿಮನದಿಗಳ ಬುಡದಲ್ಲಿ. ಜೂನ್‌ನಲ್ಲಿ ರಾತ್ರಿ ಕತ್ತಲೇ ಆಗುವುದಿಲ್ಲ. ಆದ್ದರಿಂದ ಬೆಳಗ್ಗೆ ಗಾಳಿ ಮಳೆ ಇದ್ದರೆ ಸುಮ್ನೆ ಮಲಗಿ, ರಾತ್ರಿ ಹತ್ತಕ್ಕೆ ಜಲಪಾತ ನೋಡಲು ಹೋಗಬಹುದು. ನಾವು ಹಾಗೇ ಮಾಡಿದ್ದೆವು, ಜನವೂ ಕಡಿಮೆ. ಆದರೆ ನಾರ್ದರ್ನ್ ಲೈಟ್ಸ್, ಅಂದರೆ ರಾತ್ರಿ ಆಕಾಶದ ಬಣ್ಣದ ಬೆಳಕು, ಬೇಕು ಅಂದರೆ ಕತ್ತಲು ಬೇಕು, ಸೆಪ್ಟೆಂಬರಿನಿಂದ ಏಪ್ರಿಲ್ ಒಳಗೆ ಹೋಗಿ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ರೇಕ್ಯಾವಿಕ್ ಹತ್ತಿರದ ಮೂರು ಜಾಗ ಸೇರಿದ, ಎಲ್ಲರೂ ಹೋಗುವ ಗೋಲ್ಡನ್ ಸರ್ಕಲ್ ಸುತ್ತಿಗೆ ಒಂದು ದಿನ ಸಾಕು. ಥಿಂಗ್‌ವೆಟ್ಲಿರ್‌ನಲ್ಲಿ ಅಮೆರಿಕದ ಭೂಫಲಕ ಒಂದು ಕಡೆ, ಯುರೋಪಿನದು ಇನ್ನೊಂದು ಕಡೆ. ಇವೆರಡೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರಿಯುತ್ತಿವೆ. ಆ ಬಿರುಕಿನೊಳಗೇ ನಡೆದು ಹೋಗಬಹುದು. ಕ್ರಿ.ಶ. 930ರಲ್ಲಿ ಈ ಜನ ತಮ್ಮ ಸಂಸತ್ತು ಸೇರಿಸಿದ್ದೂ ಇಲ್ಲೇ. ಆಮೇಲೆ ಸ್ಟ್ರೋಕ್ಕುರ್ ಬಿಸಿನೀರ ಬುಗ್ಗೆ. ಐದು ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಫೋನ್ ಕೆಳಗಿಟ್ಟು ಒಂದು ಸಲ ಬರೀ ಕಣ್ಣಲ್ಲಿ ನೋಡಿ. ಚಿಮ್ಮುವ ಮುಂಚೆ ನೀರು ಉಸಿರೆಳೆದಂತೆ ಒಳಗೆ ಇಳಿಯುತ್ತದೆ, ಮತ್ತೆ ಉಬ್ಬಿ ನೀಲಿ ಗಾಜಿನ ಬೋಗುಣಿ ಬೋರಲು ಹಾಕಿದಂತೆ ಆಗುತ್ತದೆ, ಅರೆಕ್ಷಣದಲ್ಲಿ ಒಡೆಯುತ್ತದೆ. ಆ ನೀಲಿ ಬೋಗುಣಿ ನಮ್ಮ ಯಾವ ವಿಡಿಯೋದಲ್ಲೂ ಸಿಕ್ಕಿಲ್ಲ. ಗಾಳಿ ಬೀಸುವ ದಿಕ್ಕಿನಲ್ಲಿ ಮಾತ್ರ ನಿಲ್ಲಬೇಡಿ, ಮೈಮೇಲೆ ಕೊಳೆತ ಮೊಟ್ಟೆ ವಾಸನೆಯ ನೀರು ಬೀಳುತ್ತದೆ. ಗುಲ್‌ಫಾಸ್ ಜಲಪಾತ ಅಲ್ಲಿಂದ ಹತ್ತೇ ನಿಮಿಷ.

‘ಫಾಸ್’ ಅಂದರೆ ಜಲಪಾತ. ಸೆಲ್ಯಾಲಾಂಡ್ಸ್‌ಫಾಸ್, ಸ್ಕೋಗಾಫಾಸ್ ಎರಡೂ ಸುಮಾರು 60 ಮೀಟರ್. ಜೋಗ ನೋಡಿದವರಿಗೆ ಎತ್ತರ ಏನೂ ಅನಿಸುವುದಿಲ್ಲ. ಆದರೆ ಸೆಲ್ಯಾಲಾಂಡ್ಸ್‌ಫಾಸ್‌ನ ಹಿಂದೆ ಕಾಲುದಾರಿ ಇದೆ, ಬೀಳುವ ನೀರಿನ ಒಳಗಿನಿಂದ ಹೊರಗೆ ನೋಡಬಹುದು. ಅಲ್ಲಿಂದ ಸ್ವಲ್ಪ ನಡೆದರೆ ಬಂಡೆಯ ಸೀಳಿನೊಳಗೆ ಗ್ಲ್ಯೂವ್ರಾಬೂಯಿ ಅಂತ ಇನ್ನೊಂದು ಅಡಗಿದೆ. ತೊರೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹೋಗಬೇಕು. ನನಗೆ ಹಿಡಿಸಿದ್ದು ಅದೇ.

ಇನ್ನು ರೇನಿಸ್‌ಫ್ಯಾರಾ, ವೀಕ್ ಪಕ್ಕದ ಕಪ್ಪು ಮರಳಿನ ಕಡಲತೀರ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ನಾನು ಮಲ್ಪೆಯವಳು. ಕಡಲು ನನಗೆ ಹೊಸದಲ್ಲ ಅನ್ನುವ ಸೊಕ್ಕು ಇತ್ತು. ತೀರದ ಗೋಡೆಯ ತುಂಬ ಕಲ್ಲಿನ ಕಂಬಗಳು, ಐದು ಮೂಲೆ, ಆರು ಮೂಲೆ, ಕೊಯ್ದು ಜೋಡಿಸಿದ ಹಾಗೆ. ಅಮ್ಮ ನೋಡಿದವರೇ, "ಇದು ನಮ್ಮ ಸೇಂಟ್ ಮೇರೀಸಿನಲ್ಲೂ ಉಂಟಲ್ಲ" ಎಂದರು. ನಿಜ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಆ ದ್ವೀಪದಲ್ಲೂ ಇಂಥವೇ ಕಂಬಗಳು. ಲಾವಾ ತಣ್ಣಗಾಗುತ್ತಾ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರುಕು ಬಿಟ್ಟು ಆದದ್ದು. ನಮ್ಮದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಐಸ್‌ಲ್ಯಾಂಡಿನದು ಅದರ ಮುಂದೆ ಮೊನ್ನೆ ಹುಟ್ಟಿದ ಮಗು.

ಕಂಬ ಮುಟ್ಟಿ ನೋಡುತ್ತಾ ಕಡಲಿಗೆ ಬೆನ್ನು ಹಾಕಿ ನಿಂತಿದ್ದೆ. ನಾಲ್ಕೈದು ಅಲೆ ದೂರದಲ್ಲೇ ಸತ್ತಿದ್ದವು. ಆರನೆಯದೋ ಏಳನೆಯದೋ ಸದ್ದೇ ಮಾಡದೆ ಬಂದು ಮೊಣಕಾಲು ಮುಟ್ಟಿತು. ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆಯಿತು. ಇವರು ಜಾಕೆಟ್ ಹಿಡಿದು ಎಳೆಯದಿದ್ದರೆ ಬೀಳುತ್ತಿದ್ದೆ, ಮಾರಾಯ್ರೆ. ಅಲ್ಲಿ ಪ್ರವಾಸಿಗರು ಸತ್ತದ್ದಿದೆ, ಒಂದೆರಡು ಸಲವಲ್ಲ. ತೀರಕ್ಕೆ ಇಳಿಯುವ ಮುಂಚೆ ಎಚ್ಚರಿಕೆಯ ದೀಪ ಇದೆ. ಕೆಂಪು ಇದ್ದರೆ ಇಳಿಯಲೇಬೇಡಿ, ಮೇಲಿನಿಂದ ನೋಡಿ. ಬೇರೆ ದಿನವೂ ಒದ್ದೆ ಮರಳಿಗೆ ಕಾಲಿಡಬೇಡಿ, ಕಡಲಿಗೆ ಬೆನ್ನು ಹಾಕಬೇಡಿ.

ಪಫಿನ್ ಹಕ್ಕಿಗೆ ಪಕ್ಕದ ದೀರ್‌ಹೋಲಾಯ್ ಗುಡ್ಡ ಹತ್ತಿ. ಮೇ ತಿಂಗಳಿನಿಂದ ಆಗಸ್ಟ್ ನಡುವಿನವರೆಗೆ ಇರುತ್ತವೆ. ಮೊಟ್ಟೆ ಇಡುವ ಕಾಲದಲ್ಲಿ ಕೆಲವು ಭಾಗ ಮುಚ್ಚಿರುತ್ತಾರೆ.

ವೀಕ್‌ನಿಂದ ಸುಮಾರು 190 ಕಿಲೋಮೀಟರ್ ಪೂರ್ವಕ್ಕೆ ಯೋಕುಲ್‌ಸಾರ್‌ಲೋನ್. ದೇಶದ ಸುಮಾರು ನೂರಕ್ಕೆ ಎಂಟು ಭಾಗ ಮುಚ್ಚಿರುವ ವಾಟ್ನಾಯೋಕುಲ್ ಎಂಬ ಮಂಜಿನ ಹಾಸಿನ ಒಂದು ನಾಲಿಗೆ ಇಲ್ಲಿ ಕೆರೆಗೆ ಇಳಿದು ತುಂಡಾಗಿ ತೇಲುತ್ತದೆ. ಬೇಸಿಗೆಯಲ್ಲಿ ದೋಣಿ ಇದೆ, ಮೊದಲೇ ಬುಕ್ ಮಾಡಿ. ರಸ್ತೆಯ ಆಚೆ ಬದಿಯ ಕಪ್ಪು ಮರಳಿನ ಮೇಲೆ ಕಡಲು ಆ ತುಂಡುಗಳನ್ನು ವಾಪಸ್ ತಂದು ಎಸೆದಿರುತ್ತದೆ. ಅಮ್ಮ ಅಡಿಕೆಯಷ್ಟು ಚೂರು ಎತ್ತಿ ಬಾಯಿಗೆ ಹಾಕಿಕೊಂಡು, "ಸ್ವಲ್ಪ ಉಪ್ಪುಂಟು" ಎಂದರು. ಕೆರೆಯಲ್ಲಿ ತೇಲುವ ಮಂಜಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಚ್ಚು ಬೇಡ. ಅದು ಯಾವಾಗ ಬೇಕಾದರೂ ಮಗುಚುತ್ತದೆ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇದ್ದೇ ಇರುತ್ತದೆ. ಅಡುಗೆಮನೆ ಇರುವ ವಸತಿ ಹಿಡಿಯಿರಿ, ಹೋಟೆಲ್ ಬಿಲ್ ನೋಡಿದರೆ ಹಸಿವೇ ಹೋಗುತ್ತದೆ. ಅಕ್ಕಿ, ತರಕಾರಿ ‘ಬೋನಸ್’ ಅಂಗಡಿಯಲ್ಲಿ ಸಿಗುತ್ತದೆ, ಹಂದಿ ಚಿತ್ರದ ಬೋರ್ಡು. ನಾವು ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆವು. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿಯ ತಣ್ಣೀರು ಚೆನ್ನಾಗಿದೆ. ಮೊಟ್ಟೆ ವಾಸನೆ ಬಿಸಿನೀರಿಗೆ ಮಾತ್ರ.

ಬ್ಲೂ ಲಗೂನ್ ಎಂಬ ಹೆಸರಾದ ಬಿಸಿನೀರಿನ ಕೊಳಕ್ಕೆ ನಾವು ಹೋಗಲಿಲ್ಲ. ದುಬಾರಿ, ಜೊತೆಗೆ ಆ ಕಡೆ 2023ರ ಡಿಸೆಂಬರಿನಿಂದ ಲಾವಾ ಮತ್ತೆ ಮತ್ತೆ ಉಕ್ಕಿ, ಜಾಗ ಮುಚ್ಚಿ ತೆರೆದು ಆಗಿದೆ. ಬದಲಿಗೆ ಊರಿನ ಈಜುಕೊಳಕ್ಕೆ ಹೋಗಿ. ವೀಕ್‌ನಂಥ ಸಣ್ಣ ಊರಲ್ಲೂ ಒಂದಿದೆ, ಪಕ್ಕದಲ್ಲೇ ಬಿಸಿನೀರಿನ ತೊಟ್ಟಿ. ಒಂದು ನಿಯಮ ಮಾತ್ರ ನಮ್ಮವರಿಗೆ ಕಷ್ಟ: ಕೊಳಕ್ಕೆ ಇಳಿಯುವ ಮುಂಚೆ ಬಟ್ಟೆ ಪೂರ್ತಿ ತೆಗೆದು, ಸೋಪು ಹಾಕಿ ಸ್ನಾನ ಮಾಡಲೇಬೇಕು. ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ, ಆದರೆ ಬಹಳ ಕಡೆ ಪರದೆ ಇರುವುದಿಲ್ಲ. ಯಾರೂ ಯಾರನ್ನೂ ನೋಡುವುದಿಲ್ಲ. ಅಮ್ಮ ಮೊದಲ ಸಂಜೆ ಬಾಗಿಲಿನಿಂದಲೇ ವಾಪಸ್ ಬಂದು ಕಾರಿನಲ್ಲಿ ಕೂತರು. ಎರಡನೇ ಸಂಜೆ ನಾವು ಜಾಕೆಟ್ ಹುಡುಕುವಷ್ಟರಲ್ಲಿ ಟವೆಲ್ ಹೆಗಲಿಗೆ ಹಾಕಿ ಹೊರಗೆ ನಿಂತಿದ್ದರು.