ನೂರು ಬಂದರೆ ತಪ್ಪು ಎಂದುಕೊಂಡಿದ್ದೆ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಮೀನಿನ ಕೋಶದಲ್ಲಿರುವ ವರ್ಣತಂತು (ಕ್ರೋಮೋಸೋಮ್) ಎಣಿಸುವ ಕೆಲಸ ಸಿಕ್ಕಾಗ, ಮಾರುಕಟ್ಟೆಯಿಂದ ಮೀನು ತಂದರಾಯಿತು ಎಂದುಕೊಂಡಿದ್ದೆ. ಮಂಜುಗಡ್ಡೆಯಲ್ಲಿ ಮಲಗಿದ ಮೀನಿನಲ್ಲಿ ವಿಭಜನೆಯಾಗುವ ಕೋಶ ಎಲ್ಲಿಂದ ಬರಬೇಕು? ಹೆಸರಘಟ್ಟದಿಂದ ರೋಹು ಮತ್ತು ಸಾಮಾನ್ಯ ಗೆಂಡೆಯ ಮರಿಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದಲ್ಲಿದ್ದ ಅಜ್ಜಿ, 'ಇಷ್ಟು ಸಣ್ಣವು ಸಾರಿಗೆ ಸಾಲುವುದಿಲ್ಲವಲ್ಲಪ್ಪ' ಎಂದು ಮರುಗಿದರು.

ಮೊದಲು ಕಾಲ್ಚಿಸಿನ್ ಚುಚ್ಚಿ ಎರಡು ಮೂರು ಗಂಟೆ ಬಿಡುತ್ತಿದ್ದೆ. ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ವಿಷವೇ ಅದು. ವಿಭಜನೆಯನ್ನು ನಡುವೆಯೇ ತಡೆದು ವರ್ಣತಂತುಗಳನ್ನು ಗಿಡ್ಡಗೆ, ದಪ್ಪಗೆ ನಿಲ್ಲಿಸುತ್ತದೆ. ಆಮೇಲೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನಿನ ಅರಿವು ತಪ್ಪಿಸಿ ಮೂತ್ರಪಿಂಡ ತೆಗೆಯಬೇಕು. ಮೀನಿನಲ್ಲಿ ರಕ್ತಕಣಗಳು ಹುಟ್ಟುವುದು ಅಲ್ಲಿ, ಹಾಗಾಗಿ ವಿಭಜಿಸುವ ಕೋಶಗಳಿಗೆ ಬರವಿಲ್ಲ. ಶೇ. 0.56ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅವನ್ನು ಅರ್ಧ ಗಂಟೆ ಊದಿಸಿ, ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ತಣ್ಣನೆಯ ಮಿಶ್ರಣದಲ್ಲಿ ಸ್ಥಿರಗೊಳಿಸುವುದು.

ಇಷ್ಟು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಬೆಂಗಳೂರಿನ ಮಾರ್ಚ್ ತಿಂಗಳು. ಗಾಳಿ ಒಣಗಿದ್ದರೆ ಸ್ಲೈಡಿನ ಮೇಲೆ ಬಿದ್ದ ಹನಿ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿ, ವರ್ಣತಂತುಗಳು ಹರಡದೆ ಮುದ್ದೆಯಾಗಿಯೇ ಉಳಿಯುತ್ತವೆ. ಹನಿ ಹಾಕುವ ಮುನ್ನ ಸ್ಲೈಡಿನ ಮೇಲೆ 'ಹಾ' ಎಂದು ಉಸಿರು ಬಿಡುವುದನ್ನು ಹಿರಿಯ ಸಹಾಯಕರೊಬ್ಬರು ಕಲಿಸಿದರು. ಎರಡು ವಾರದ ಗೋಳು ಒಂದೇ ಉಸಿರಿನಲ್ಲಿ ಮುಗಿಯಿತು.

ಜೀಮ್ಸಾ ಬಣ್ಣ ಹಚ್ಚಿ ನೋಡಿದೆ. ರೋಹು ಹೇಳಿದ ಮಾತು ಕೇಳಿತು: 50. ಗೆಂಡೆಯಲ್ಲಿ ಮಾತ್ರ ಎಣಿಸಿದಷ್ಟೂ ಉಳಿಯುತ್ತಿದ್ದವು. ಎರಡು ಕೋಶಗಳು ಒಂದರ ಮೇಲೊಂದು ಬಿದ್ದಿವೆ ಎಂದು ಆ ಸ್ಲೈಡುಗಳನ್ನೆಲ್ಲ ಬದಿಗೆ ತಳ್ಳಿ, ಪ್ರಾಜೆಕ್ಟಿನ ಮಾರ್ಗದರ್ಶಕಿಯ ಬಳಿ ಹೋದೆ.

'ಮೇಡಂ, ಗೆಂಡೆಯದು ಒಂದೂ ಸರಿಯಾಗಿ ಬರುತ್ತಿಲ್ಲ.'

'ಎಷ್ಟು ಬರುತ್ತಿದೆ?'

'ನೂರರ ಹತ್ತಿರ.'

ಅವರು ನಕ್ಕುಬಿಟ್ಟರು. ಗೆಂಡೆಯದು ನೂರೇ! ಬಹಳ ಹಿಂದೆ ಎರಡು ಬೇರೆ ಪ್ರಭೇದಗಳು ಕೂಡಿ, ಇಬ್ಬರ ಐವತ್ತೈವತ್ತನ್ನೂ ಇಟ್ಟುಕೊಂಡ ವಂಶ ಅದು. ಸಾಮಾನ್ಯವಾಗಿ ಬೆರಕೆ ಸಂತಾನದಲ್ಲಿ ವರ್ಣತಂತುಗಳಿಗೆ ಜೋಡಿ ಸಿಗದೆ ವಂಶ ನಿಲ್ಲುತ್ತದೆ. ಇಲ್ಲಿ ಇಡೀ ಕಟ್ಟು ದುಪ್ಪಟ್ಟಾದ್ದರಿಂದ ಪ್ರತಿಯೊಂದಕ್ಕೂ ತನ್ನದೇ ಜೋಡಿ ಇದೆ. ಮನೆಯ ತೊಟ್ಟಿಯ ಗೋಲ್ಡ್ ಫಿಶ್‌ನಲ್ಲೂ, ನಮ್ಮ ಕಾವೇರಿಯ ಮಹಶೀರ್‌ನಲ್ಲೂ ನೂರೇ.

ಬದಿಗೆ ತಳ್ಳಿದ್ದ ಡಬ್ಬಿಯಿಂದ ಸ್ಲೈಡುಗಳನ್ನು ಹೆಕ್ಕಿ ತೆಗೆದೆ. ಹನಿ ಬೀಳಿಸುವಾಗ ಒಂದೆರಡು ವರ್ಣತಂತು ಚದುರಿ ಕಳೆದುಹೋಗುವುದುಂಟು, ಆದ್ದರಿಂದ ಒಂದೇ ಕೋಶವನ್ನು ನಂಬುವಂತಿಲ್ಲ. ಸಂಜೆಯವರೆಗೆ ಕುಳಿತೆ: 98, 100, 97, 100, 100.