ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡು ತುಮಕೂರಿಗೆ ಟಿಕೆಟ್ ಬುಕ್ ಮಾಡುವ ಮುಂಚೆ

ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಜರ್ಮನಿಗೆ ಬಂದು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ತುಮಕೂರಿನವರಿಗೆ ಬೆನ್ನುನೋವಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ಶೂರೆನ್ಸ್ ಕಾರ್ಡ್, ರೆಫರಲ್ ಚೀಟಿ, ಎಂಆರ್‌ಐಗೆ ವಾರಗಟ್ಟಲೆ ಕಾಯುವುದು ಇದೆಲ್ಲ ನಿಮಗೆ ಗೊತ್ತು. ಡಾಕ್ಟರು 'ಫ್ಯೂಷನ್ ಮಾಡಬೇಕು', ಅಂದರೆ ಸ್ಕ್ರೂ ಹಾಕಿ ಬೆನ್ನುಮೂಳೆಗಳನ್ನು ಒಂದಕ್ಕೊಂದು ಬೆಸೆಯಬೇಕು, ಎಂದ ಮೇಲೆ ಏನಾಗುತ್ತದೆ ಎನ್ನುವುದನ್ನಷ್ಟೇ ಬರೆಯುತ್ತೇನೆ. ನನ್ನ ಸೊಂಟದ ಕೆಳತುದಿಯ ಎಲ್5-ಎಸ್1 ಜಾಗದಲ್ಲೂ ಸ್ಕ್ರೂಗಳಿವೆ. ನನ್ನ ನಂತರ ಮಾಡಿಸಿಕೊಂಡವರು ಒಬ್ಬರಾದ ಮೇಲೆ ಒಬ್ಬರು ಒಂದೇ ಗುಂಡಿಗೆ ಬೀಳುತ್ತಿರುವುದನ್ನು ನೋಡಿ ಬರೆಯುತ್ತಿದ್ದೇನೆ.

ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ. ಬೆನ್ನುಮೂಳೆಯ ಆಪರೇಷನ್‌ಗೆ ಎರಡನೇ ಅಭಿಪ್ರಾಯ ಪಡೆಯುವುದು ಇಲ್ಲಿ 2021ರಿಂದ ಕಾನೂನು ಕೊಟ್ಟ ಹಕ್ಕು. ಖರ್ಚು ಕ್ರಾಂಕೆನ್‌ಕಾಸೆಯದು, ಅಂದರೆ ನಿಮ್ಮ ಆರೋಗ್ಯ ವಿಮೆಯವರದು. ಆಪರೇಷನ್‌ಗೆ ಕನಿಷ್ಠ 10 ದಿನ ಮೊದಲು ಡಾಕ್ಟರೇ ಇದನ್ನು ನಿಮಗೆ ತಿಳಿಸಬೇಕು. ಅಭಿಪ್ರಾಯ ಕೊಡುವವರು ಆ ಆಪರೇಷನ್ ಮಾಡುವಂತಿಲ್ಲ. ಹಾಗಾಗಿ ಅವರಿಗೆ ಅದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಮ್ಮೂರಲ್ಲೂ ಈ ನಿಯಮ ಇದ್ದಿದ್ದರೆ ಎಷ್ಟು ಬೆನ್ನುಗಳು ಉಳಿಯುತ್ತಿದ್ದವೋ! ಮೂಳೆ ಜಾರಿದ್ದರೆ, ನರ ಒತ್ತಿ ಕಾಲು ಬಲ ಕಳೆದುಕೊಳ್ಳುತ್ತಿದ್ದರೆ ಮಾತು ಬೇರೆ. ಬರೀ ಸೊಂಟನೋವಿಗೆ ಫ್ಯೂಷನ್ ಎಂದರೆ ಎರಡು ಸಲ ಯೋಚಿಸಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಸರಿ ಎಂದು ಡಾಕ್ಟರರಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ, ಸಂಶೋಧನಾ ಪ್ರಯೋಗದ ಭಾಗವಾಗಿ ಹೊರತು ಸೊಂಟನೋವಿಗೆ ಫ್ಯೂಷನ್ ಮಾಡಬೇಡಿ ಎಂದೇ ಹೇಳಿದೆ.

ಆಸ್ಪತ್ರೆಯ ಬಗ್ಗೆ ಹೇಳುವುದು ಕಡಿಮೆ. ದಿನಕ್ಕೆ 10 ಯೂರೋ ಕಟ್ಟುತ್ತೀರಿ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. ರಾತ್ರಿ ಊಟಕ್ಕೆ ತಣ್ಣನೆಯ ಬ್ರೆಡ್ಡು, ಚೀಸು. ಪಕ್ಕದಲ್ಲಿ ಮಲಗಲು ಮನೆಯವರನ್ನು ಬಿಡುವುದಿಲ್ಲ. ಊರಲ್ಲಾದರೆ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಯಾರಾದರೊಬ್ಬರು ಇರುತ್ತಿದ್ದರು. ಆ ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಬಿಲ್ ಕಟ್ಟಲು ಒಡವೆ ಅಡ ಇಡುವ ಪ್ರಮೇಯ ಇಲ್ಲಿ ಇಲ್ಲ.

ಈಗ ಆ ಗುಂಡಿಯ ವಿಷಯ.

ಗುಬ್ಬಿ ಕಡೆಯ ಹುಡುಗನೊಬ್ಬ. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಯಲ್ಲಿ ಚಿಕ್ಕ ಮಗು, ಹೆಂಡತಿಗೆ ಕೆಲಸ. ಅಮ್ಮ ದಿನಾ ಫೋನ್ ಮಾಡಿ, 'ಬಂದುಬಿಡೋ ಮಗ, ಎರಡು ತಿಂಗಳು ನಾನು ನೋಡ್ಕೋತೀನಿ' ಅಂತಿದ್ದರು. ಆಫೀಸಿನ ಎಚ್‌ಆರ್ ಅವರನ್ನು ಕೇಳಿದ. 'ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ, ಆರಾಮಾಗಿ ಹೋಗಿ ಬನ್ನಿ' ಎಂದರು. ಟಿಕೆಟ್ ಮಾಡಿಸಿ ಹೊರಟ.

ಅವನು ತಪ್ಪು ಬಾಗಿಲು ತಟ್ಟಿದ್ದ. ಕಾಯಿಲೆ ಬಿದ್ದ ಮೊದಲ 6 ವಾರ ಪೂರ್ತಿ ಸಂಬಳ ಕೊಡುವುದು ಕಂಪನಿ. ಆಮೇಲೆ ಕೊಡುವುದು ಕ್ರಾಂಕೆನ್‌ಕಾಸೆ. ಇದಕ್ಕೆ ಕ್ರಾಂಕೆನ್‌ಗೆಲ್ಡ್ ಎನ್ನುತ್ತಾರೆ. ಒಟ್ಟು ಸಂಬಳದ 70 ಶೇಕಡಾ, ಆದರೆ ಕೈಗೆ ಬರುತ್ತಿದ್ದ ಸಂಬಳದ 90 ಶೇಕಡಾ ಮೀರುವಂತಿಲ್ಲ. ದುಡ್ಡು ಕೊಡುವವರು ಬದಲಾದ ಮೇಲೆ ಅನುಮತಿ ಕೊಡಬೇಕಾದವರೂ ಅವರೇ. ಅವರ ಒಪ್ಪಿಗೆ ಇಲ್ಲದೆ ಭಾರತಕ್ಕೆ ಹೋದರೆ, ಅಲ್ಲಿದ್ದಷ್ಟು ದಿನ ಕ್ರಾಂಕೆನ್‌ಗೆಲ್ಡ್ ನಿಲ್ಲುತ್ತದೆ. ವಾಪಸ್ ಬಂದ ಮೇಲೆ ಆ ದಿನಗಳ ದುಡ್ಡು ಕೂಡಿಸಿ ಕೊಡುವುದೂ ಇಲ್ಲ. ಹುಡುಗ ಊರಲ್ಲಿ ಡಾಕ್ಟರ ಹತ್ತಿರ 'ವಿಶ್ರಾಂತಿ ಬೇಕು' ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿ ಸ್ಕ್ಯಾನ್ ಮಾಡಿ ಕಳಿಸಿದ. ಅವನು ಎಲ್ಲಿದ್ದಾನೆ ಅಂತ ಕಾಸೆಗೆ ಗೊತ್ತಾಗಿದ್ದೇ ಆ ಪತ್ರದಿಂದ!

ಅಷ್ಟಕ್ಕೇ ಮುಗಿಯಲಿಲ್ಲ. ಆಪರೇಷನ್ ಆದ ಮೇಲೆ ಸುಮಾರು 3 ವಾರದ ರಿಹ್ಯಾಬ್, ಅಂದರೆ ಚೇತರಿಕೆಯ ಚಿಕಿತ್ಸೆ ಇರುತ್ತದೆ. ಆಸ್ಪತ್ರೆಯ ಸೋಷಿಯಲ್ ಸರ್ವಿಸ್‌ನವರೇ ಡಿಸ್ಚಾರ್ಜ್‌ಗೆ ಮುಂಚೆ ಅರ್ಜಿ ಹಾಕಿಕೊಡುತ್ತಾರೆ. ಡಿಸ್ಚಾರ್ಜ್ ಆಗಿ 14 ದಿನದೊಳಗೆ ಶುರುವಾಗಬೇಕು ಎನ್ನುವುದು ಸಾಮಾನ್ಯ ನಿಯಮ. ವೈದ್ಯಕೀಯ ಕಾರಣ ಇದ್ದರೆ ಸ್ವಲ್ಪ ಮುಂದೆ ಹೋಗಬಹುದು, ಇವನದೂ ಹಾಗೆ ಹೋಗಿತ್ತು. ತಾರೀಖಿನ ಪತ್ರ ಇಲ್ಲಿ ಪೋಸ್ಟ್ ಡಬ್ಬಿಗೆ ಬಿತ್ತು. ಅವನು ಗುಬ್ಬಿಯಲ್ಲಿದ್ದ. ತಾರೀಖು ದಾಟಿತು, ಎಲ್ಲ ಮೊದಲಿನಿಂದ ಶುರು.

ಹೋಗಲೇಬೇಕಾದರೆ ಹೀಗೆ ಮಾಡಿ. ಹೋಗುವ ದಿನ, ಬರುವ ದಿನ, ಊರಿನ ವಿಳಾಸ ಬರೆದು ಕಾಸೆಗೆ ಮೊದಲೇ ಅರ್ಜಿ ಕೊಡಿ. ಪ್ರಯಾಣದಿಂದ ಚೇತರಿಕೆಗೆ ತೊಂದರೆ ಇಲ್ಲ ಎಂಬ ಡಾಕ್ಟರ ಪತ್ರ ಜೊತೆಗಿರಲಿ. ಫೋನಿನಲ್ಲಿ 'ಸರಿ' ಎಂದರೆ ನಂಬಬೇಡಿ. ಒಪ್ಪಿಗೆ ಬರಹದಲ್ಲಿ ಬರುವವರೆಗೆ ಟಿಕೆಟ್ ಬುಕ್ ಮಾಡಬೇಡಿ. ಇಲ್ಲ ಎಂದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಹಾಕಬಹುದು. ಇನ್ನೊಂದು ವಿಷಯ. ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂಬ ರಜೆಪತ್ರವನ್ನು ಡಾಕ್ಟರು ಸಾಮಾನ್ಯವಾಗಿ 2 ವಾರಕ್ಕೆ ಕೊಡುತ್ತಾರೆ, ಹೆಚ್ಚೆಂದರೆ ಒಂದು ತಿಂಗಳಿಗೆ. ಅಮ್ಮ ಹೇಳುವ ಎರಡು ತಿಂಗಳು ಅದರಲ್ಲಿ ಹಿಡಿಸುವುದಿಲ್ಲ, ಅಲ್ವಾ?

ಆ ರಜೆಪತ್ರದಲ್ಲಿ ಒಂದು ದಿನದ ಬಿರುಕೂ ಇರಬಾರದು. ಹಳೆಯದು ಮುಗಿದ ಮೇಲೆ ಬರುವ ಮೊದಲ ಕೆಲಸದ ದಿನದೊಳಗೆ ಡಾಕ್ಟರು ಮುಂದಿನದನ್ನು ಬರೆದಿರಬೇಕು. ಶನಿವಾರ ಲೆಕ್ಕಕ್ಕಿಲ್ಲ. ತಪ್ಪಿದರೆ ನಡುವಿನ ದಿನಗಳ ದುಡ್ಡು ಹೋಗುತ್ತದೆ. ಆಸ್ಪತ್ರೆಯವರು ಡಿಸ್ಚಾರ್ಜ್ ಆದ ಮೇಲೆ 7 ದಿನಕ್ಕೆ ಮಾತ್ರ ಬರೆದುಕೊಡಬಹುದು. ನಿಮ್ಮ ಫ್ಯಾಮಿಲಿ ಡಾಕ್ಟರು ಅದೇ ವಾರ ರಜೆ ಹಾಕಿ ಹೋಗಿರುತ್ತಾರೆ, ಇದು ಇಲ್ಲಿ ಮಾಮೂಲು. ಅವರ ಬದಲಿಗೆ ಯಾರು ನೋಡುತ್ತಾರೆ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಹಿಂದಿನ ಆರು ತಿಂಗಳೊಳಗೆ ಅದೇ ಬೆನ್ನುನೋವಿಗೆ ಹಾಕಿದ ರಜೆಯೂ ಕಂಪನಿ ಸಂಬಳ ಕೊಡುವ ಆ 6 ವಾರದಲ್ಲಿ ಸೇರಬಹುದು. 'ಇನ್ನೂ ನಾಲ್ಕೇ ವಾರ ಆಯ್ತಲ್ಲ, ಸಂಬಳ ಯಾಕೆ ನಿಂತಿತು' ಅಂತ ಗಾಬರಿಯಾಗುವವರು ಜಾಸ್ತಿ.

ಸಂಬಳ ಚೆನ್ನಾಗಿದೆ, ಕಂತು ಕಡಿಮೆ ಅಂತ ಪ್ರೈವೇಟ್ ವಿಮೆಗೆ ಹೋದವರು ತಮ್ಮ ಕರಾರು ಪತ್ರ ಈಗಲೇ ತೆಗೆದು ನೋಡಿ. ನಿಮಗೆ ಈ ಕ್ರಾಂಕೆನ್‌ಗೆಲ್ಡ್ ಇಲ್ಲ. ದಿನಭತ್ಯೆಯ ವಿಮೆ ಬೇರೆಯಾಗಿ ತೆಗೆದುಕೊಂಡಿದ್ದರೆ ಮಾತ್ರ ಉಂಟು. ಎಳೆ ವಯಸ್ಸಿನ ಹುಡುಗರಿಗೆ ಏಜೆಂಟರು ಸುಮ್ನೆ ಪ್ರೈವೇಟ್ ವಿಮೆ ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಅಮ್ಮನ ಹತ್ತಿರ ಹೋಗುವುದು ಮನೆಕೆಲಸದ ಚಿಂತೆಗೇ ಆದರೆ, ಅದಕ್ಕೆ ಇಲ್ಲೇ ದಾರಿ ಇದೆ. ನಮ್ಮವರು ಕೇಳುವುದೇ ಇಲ್ಲ. ಹೌಸ್‌ಹಾಲ್ಟ್‌ಸ್‌ಹಿಲ್ಫೆ ಅಂತ ಇದೆ. ಅಡುಗೆ, ಬಟ್ಟೆ, ಮಗುವನ್ನು ನೋಡಿಕೊಳ್ಳಲು ಕಾಸೆ ತನ್ನ ಖರ್ಚಿನಲ್ಲಿ ಆಳು ಕೊಡುತ್ತದೆ. ಮನೆಯಲ್ಲಿ ಬೇರೆ ಯಾರಿಂದಲೂ ಆಗುವುದಿಲ್ಲ ಎಂದು ತೋರಿಸಬೇಕು, ಡಾಕ್ಟರ ಪತ್ರ ಬೇಕು. ಸಾಮಾನ್ಯವಾಗಿ 4 ವಾರ. 12 ವರ್ಷದೊಳಗಿನ ಮಗುವಿದ್ದರೆ 26 ವಾರದವರೆಗೆ. ನಿಮ್ಮ ಪಾಲು ದಿನಕ್ಕೆ 5ರಿಂದ 10 ಯೂರೋ. ಮುದ್ದೆ ಮಾಡಿಕೊಡುವುದಿಲ್ಲ, ನಿಜ. ಆದರೆ ಬಗ್ಗಿ ವಾಷಿಂಗ್ ಮೆಷಿನ್ ತುಂಬುವ ಕೆಲಸ ತಪ್ಪುತ್ತದೆ.

ಕೆಲಸಕ್ಕೆ ಮರಳುವಾಗ ಒಮ್ಮೆಲೇ ಎಂಟು ಗಂಟೆ ಕೂರಬೇಡಿ. ಹ್ಯಾಂಬರ್ಗ್ ಮಾಡೆಲ್ ಕೇಳಿ. ದಿನಕ್ಕೆ ಎರಡು-ನಾಲ್ಕು ಗಂಟೆಯಿಂದ ಶುರುಮಾಡಿ ವಾರವಾರಕ್ಕೆ ಏರಿಸುತ್ತಾರೆ. ಆ ದಿನಗಳಲ್ಲೂ ಲೆಕ್ಕದಲ್ಲಿ ನೀವು ರಜೆಯಲ್ಲೇ ಇರುತ್ತೀರಿ. ಈ ಒಂದು ವಿಷಯದಲ್ಲಿ ಜರ್ಮನಿಗೆ ಪೂರ್ತಿ ಅಂಕ ಕೊಡುತ್ತೇನೆ. ಮೂಳೆ ಬೆಸೆಯಲು ತಿಂಗಳುಗಟ್ಟಲೆ ಬೇಕು, ಸಿಗರೇಟು ಸೇದಿದರೆ ಇನ್ನೂ ತಡ.

ಆಮೇಲೆ ಊರಿಗೆ ಹೋದಾಗ ಆಪರೇಷನ್ ರಿಪೋರ್ಟು ಮತ್ತು ಒಳಗೆ ಹಾಕಿದ ಸ್ಕ್ರೂಗಳ ವಿವರವಿರುವ ಇಂಪ್ಲಾಂಟ್ ಪಾಸ್‌ನ ಪ್ರತಿ ಕೈಚೀಲದಲ್ಲಿರಲಿ. ದೇವನಹಳ್ಳಿಯಿಂದ ತುಮಕೂರಿಗೆ ಹೋಗುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ಒರಗಿಸಿ, ನಡುವೆ ಒಂದೆರಡು ಕಡೆ ಇಳಿದು ನಡೆದಾಡಿ. ಪಕ್ಕದ ಮನೆಯವರು ಎಣ್ಣೆ ಹಚ್ಚಿ ಸೊಂಟ ಎಳೆಯುವ ನಾಟಿ ವೈದ್ಯರ ಹೆಸರು ಹೇಳಿಯೇ ಹೇಳುತ್ತಾರೆ. ಕಾಫಿ ಕುಡಿದು ಎದ್ದು ಬನ್ನಿ.