ಬೊಡ್ಡೆಗೆ ಸಿಕ್ಕ ಲಂಗರನ್ನು ಬಿಡಿಸಿದ್ದು: ಶರಾವತಿ ಹಿನ್ನೀರಿನ ನನ್ನ ಅನುಭವ

ತುಮರಿ ಕಡೆಯ ನಮಗೆ ಶರಾವತಿ ಹಿನ್ನೀರು ಅಂದರೆ ಮನೆಯ ಅಂಗಳ ಇದ್ದ ಹಾಗೆ. ನನ್ನ ಹತ್ತಿರ 14 ಅಡಿಯ ಒಂದು ಫೈಬರ್ ದೋಣಿ ಇದೆ. ಎರಡು ಹುಟ್ಟು, ಹಿಂದೆ ಸಿಕ್ಕಿಸುವ ಸಣ್ಣ ಎಂಜಿನ್, ಮತ್ತೆ ಒಂದು ಲಂಗರು. ಬಿಡುವಾದಾಗ ಗಾಳ ಹಾಕಲು ಹೋಗುತ್ತೇನೆ. ಈ ನೀರಿನಲ್ಲಿ ಲಂಗರು ಸಿಕ್ಕಿಹಾಕಿಕೊಳ್ಳದೆ ವರ್ಷ ಕಳೆದವರನ್ನು ನಾನು ಇನ್ನೂ ಕಂಡಿಲ್ಲ.

ಕಾರಣ ನೀರಿನ ಅಡಿಯಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆಗಳ ಜೊತೆ ಎಷ್ಟೋ ಕಡೆ ಕಾಡು ಕಾಡಾಗಿಯೇ ಮುಳುಗಿತು. ಮಡೆನೂರಿನ ಹತ್ತಿರ ಅದಕ್ಕೂ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಇಡಿಯಾಗಿ ಒಳಗೆ ಹೋಯಿತು. ಇನ್ನು ಮರಗಳ ಲೆಕ್ಕ ಯಾರಿಟ್ಟಾರು? ಆಳದ ನೀರಿನಲ್ಲಿ ಗಾಳಿ ಕಡಿಮೆ, ಹಾಗಾಗಿ ಗಟ್ಟಿ ಮರ ಬೇಗ ಕೊಳೆಯುವುದಿಲ್ಲ. ಅರವತ್ತು ವರ್ಷ ಆದರೂ ಬೊಡ್ಡೆಗಳು ಬೇರು ಚಾಚಿಕೊಂಡು ನಿಂತೇ ಇವೆ. ಅದರ ಮೇಲೆ ಜಂಬಿಟ್ಟಿಗೆಯ ಗೋಡೆಗಳು, ಕಲ್ಲಿನ ಕಟ್ಟೆಗಳು. ಲಂಗರಿನ ಹಲ್ಲು ಸಿಕ್ಕಿಕೊಳ್ಳಲು ಇನ್ನೇನು ಬೇಕು!

ಒಂದು ಡಿಸೆಂಬರ್ ಬೆಳಿಗ್ಗೆ ನಡೆದದ್ದು ಇದು. ಸೇತುವೆ ಇನ್ನೂ ಆಗಿರಲಿಲ್ಲ, ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚ್ ಓಡುತ್ತಿದ್ದ ಕಾಲ. ಪಕ್ಕದ ಮನೆಯ ಮಾವನೂ ಜೊತೆಗಿದ್ದರು. ಚಿಕ್ಕಂದಿನಿಂದ ಈ ನೀರಿನಲ್ಲೇ ದೋಣಿ ಹಾಕಿದವರು. ಆರು ಮಾರು ಆಳದಲ್ಲಿ ಲಂಗರು ಬಿಟ್ಟಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಜಾಗ ಬದಲಿಸೋಣ ಅಂತ ಹಗ್ಗ ಜಗ್ಗಿದೆ. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದೆ. ಹಗ್ಗ ಕಬ್ಬಿಣದ ಸರಳಿನ ಹಾಗೆ ಬಿಗಿಯಾಯಿತು. ಕೆಳಗೆ ಏನೂ ಅಲುಗಲಿಲ್ಲ.

ಆಗ ನಾನು ಮಾಡಿದ್ದು ಶುದ್ಧ ತಪ್ಪು. ಹಗ್ಗವನ್ನು ದೋಣಿಯ ಹಿಂಭಾಗಕ್ಕೆ ಬಿಗಿದು ಎಂಜಿನ್ ಹಾಕಿ ಎಳೆಸಿದೆ. ಹಿಂಭಾಗ ಕೆಳಕ್ಕೆ ಜಗ್ಗಿತು. ಎಂಜಿನ್ನಿನ ಪಕ್ಕದಿಂದ ನೀರು ಒಳಗೆ ಸುರಿಯಿತು. ಮಾವ ಕೂಗಿದರು: "ತಮಾ, ಎಂಜಿನ್ ಆಫ್ ಮಾಡು! ಹಗ್ಗ ಬಿಡು ಮೊದ್ಲು!" ಎರಡು ಬಕೆಟ್ ನೀರು ಎತ್ತಿ ಚೆಲ್ಲಿದ ಮೇಲೆ ಎದೆಬಡಿತ ಕಡಿಮೆಯಾಯಿತು. ದೋಣಿಯ ಹಿಂಭಾಗ ತಗ್ಗು, ಭಾರ ಎಲ್ಲ ಅಲ್ಲೇ ಇರುತ್ತದೆ. ಸಿಕ್ಕ ಲಂಗರನ್ನು ಅಲ್ಲಿಂದ ಎಳೆದರೆ ದೋಣಿ ಕ್ಷಣದಲ್ಲಿ ಮುಳುಗುತ್ತದೆ. ಎಳೆಯುವುದಿದ್ದರೆ ಮೂತಿಯಿಂದಲೇ ಎಳೆಯಬೇಕು. ಈ ಬರಹದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ದಯವಿಟ್ಟು ಮರೆಯಬೇಡಿ.

ಆಮೇಲೆ ಮಾವ ನನಗೆ ಕೇಳಿದರು, "ಅದು ಎಂತಕ್ಕೆ ಸಿಕ್ಕಿದೆ ಹೇಳು?" ಬೊಡ್ಡೆ ಇರಬಹುದು ಅಂದೆ. "ಬೊಡ್ಡೆಗೆ ಸಿಕ್ಕಿದ್ದು ಯಾವ ಕಡೆಯಿಂದ?" ಆಗ ಯೋಚಿಸಿದೆ. ಡಿಸೆಂಬರ್ ಅಲ್ವಾ, ಮೂಡಗಾಳಿ. ಗಾಳಿ ದೋಣಿಯನ್ನು ಪಡುವಣಕ್ಕೆ ತಳ್ಳಿದೆ. ಅಂದರೆ ಲಂಗರು ಪಡುವಣಕ್ಕೆ ಎಳೆಸಿಕೊಂಡು ಹೋಗಿ ಬೇರಿನ ಅಡಿಗೆ ಹಲ್ಲು ತೂರಿಸಿದೆ. ನಾನು ಇನ್ನೂ ಪಡುವಣಕ್ಕೇ ಎಳೆಯುತ್ತಿದ್ದೆ. ಎಷ್ಟು ಶಕ್ತಿ ಹಾಕಿದರೂ ಹಲ್ಲು ಇನ್ನೂ ಒಳಗೆ ಹೋಗುತ್ತದೆ ಅಷ್ಟೇ. ಹೋದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕರೆಯಬೇಕು.

ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟೆವು. ಹುಟ್ಟು ಹಾಕಿ ಲಂಗರಿನ ನೆತ್ತಿಯ ಮೇಲೆ ಹಾದು ಮೂಡಣಕ್ಕೆ ಹೋದೆವು. ಆಳದ ಎರಡು ಮೂರು ಪಟ್ಟು ಹಗ್ಗ ಕೊಟ್ಟರೆ ಎಳೆತ ಮೇಲಕ್ಕಲ್ಲ, ಅಡ್ಡಕ್ಕೆ ಬೀಳುತ್ತದೆ. ಆರು ಮಾರು ಆಳಕ್ಕೆ ನಾವು ಹದಿನೈದು ಮಾರು ಬಿಟ್ಟೆವು. ಹಗ್ಗವನ್ನು ಮೂತಿಯ ಗೂಟಕ್ಕೆ ಒಂದೇ ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದೆ. ಗಂಟು ಹಾಕಲಿಲ್ಲ. ಕೈಗೆ ಸುತ್ತಿಕೊಳ್ಳಲೂ ಇಲ್ಲ. ಬೇಕೆಂದಾಗ ಬಿಟ್ಟುಬಿಡಲು ಬರಬೇಕು, ಅದಕ್ಕೆ. ಮೆಲ್ಲಗೆ ಎಳೆದು, ಸಡಿಲ ಬಿಟ್ಟು, ಮತ್ತೆ ಎಳೆದು ನೋಡಿದೆವು. ನಂತರ ಬಡಗಣ, ತೆಂಕಣ, ಸುತ್ತ ನಾಲ್ಕೂ ದಿಕ್ಕು. ಈ ಕ್ರಮದಲ್ಲೇ ನನ್ನ ಲಂಗರು ಮುಂದೆ ಎಷ್ಟೋ ಸಲ ಬಿಟ್ಟಿದೆ. ಬಿಡುವಾಗ ಹಗ್ಗದಲ್ಲಿ ಒಂದು ಸಣ್ಣ 'ಟಕ್' ಅಂತ ಅಂಗೈಗೆ ಗೊತ್ತಾಗುತ್ತದೆ. ಆವತ್ತು ಮಾತ್ರ ಗೊತ್ತಾಗಲಿಲ್ಲ. ಹಗ್ಗ ಬೇರಿಗೂ ಒಂದು ಸುತ್ತು ಬಿದ್ದಿತ್ತು ಅಂತ ಈಗ ಅನಿಸುತ್ತದೆ.

ಹನ್ನೊಂದು ಗಂಟೆಗೆ ಗಾಳಿ ಜೋರಾಯಿತು. ಮಾವ ಹೆಚ್ಚು ಮಾತಾಡಲಿಲ್ಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿ ಮಾಡಿ ಹಗ್ಗದ ತುದಿಗೆ ಕಟ್ಟಿ ನೀರಿಗೆ ಬಿಟ್ಟರು. "ಲಂಗರು ಎಲ್ಲೂ ಓಡಿ ಹೋಗಲ್ಲ. ನಾಳೆ ಬರೋಣ." ನನಗೆ ಒಪ್ಪಿಗೆ ಇರಲಿಲ್ಲ, ಆದರೂ ಬಂದೆ. ಈಗ ಅದೇ ಸರಿ ಅಂತ ನಾನೂ ಬೇರೆಯವರಿಗೆ ಹೇಳುತ್ತೇನೆ. ಹಗ್ಗ ಕಡಿದು ಬಂದರೆ ಲಂಗರು ಹೋಯಿತು. ಕ್ಯಾನ್ ಕಟ್ಟಿ ಬಂದರೆ ಅದು ನಮ್ಮದೇ. ಒಂದು ಎಚ್ಚರ: ಹಗ್ಗ ಉದ್ದವಾಗಿ ಬಿಟ್ಟು ಬನ್ನಿ. ಮಳೆಗಾಲದಲ್ಲಾದರೆ ನೀರು ದಿನಕ್ಕೆ ಅಡಿಗಟ್ಟಲೆ ಏರುತ್ತದೆ, ಗಿಡ್ಡ ಹಗ್ಗದ ಕ್ಯಾನ್ ನೀರಿನೊಳಗೇ ಉಳಿದುಬಿಡುತ್ತದೆ. ಜೀವಕ್ಕೆ ಅಪಾಯ ಅನಿಸಿದ ಹೊತ್ತಿನಲ್ಲಿ ಮಾತ್ರ ಕಡಿಯಲೇಬೇಕು. ಅದಕ್ಕೆ ಚೂಪಾದ ಚಾಕು ಮೂತಿಯ ಹತ್ತಿರವೇ ಇರಲಿ, ಚೀಲದ ಅಡಿಯಲ್ಲಲ್ಲ.

ಆ ದಿನ ಸಂಜೆ ಊರಿನ ಒಬ್ಬ ಹುಡುಗ "ನಾನು ಮುಳುಗಿ ಬಿಡಿಸಿ ಬರ್ತೀನಿ ಅಣ್ಣಾ" ಅಂದ. ಒಳ್ಳೆಯ ಈಜುಗಾರ. ನಾನು ಬೇಡವೇ ಬೇಡ ಅಂದೆ. ಆರು ಮಾರು ಅಂದರೆ 36 ಅಡಿ, ಹನ್ನೊಂದು ಮೀಟರ್ ಹತ್ತಿರ. ಅಲ್ಲಿ ಮೈಮೇಲೆ ಬೀಳುವ ಒತ್ತಡ ದಡದ ಮೇಲಿನದಕ್ಕಿಂತ ಎರಡು ಪಟ್ಟು. ಕಿವಿ ಸಿಡಿಯುವ ಹಾಗೆ ನೋಯುತ್ತದೆ. ತಳದಲ್ಲಿ ಕತ್ತಲೆ. ಬೊಡ್ಡೆಗೆ ಸಿಕ್ಕ ಹಳೆಯ ಬಲೆಗಳು ಬೇರೆ. ಅದರಲ್ಲಿ ಕಾಲು ಸಿಕ್ಕರೆ ಯಾರು ಬಿಡಿಸಬೇಕು? ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಂದು ಲಂಗರಿಗಾಗಿ ಯಾರ ಮನೆಯ ಮಗನನ್ನೂ ನೀರಿಗೆ ಇಳಿಸಬಾರದು.

ರಾತ್ರಿ ಮಾವ ಒಂದು ಬಳೆ ತಯಾರು ಮಾಡಿದರು. ಹೆಬ್ಬೆರಳು ದಪ್ಪದ ಹಳೆಯ ಸರಪಳಿಯ ಒಂದು ಮೊಳ ತುಂಡು. ಅದರ ಎರಡೂ ತುದಿ ಸೇರಿಸಿ ಶ್ಯಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ, ಹಾಕಿದರು. ಶ್ಯಾಕಲ್‌ಗೆ ಇನ್ನೊಂದು ಗಟ್ಟಿ ಹಗ್ಗ ಕಟ್ಟಿದರು.

ಮರುದಿನ ಬೆಳಿಗ್ಗೆ ಆರೂವರೆಗೆ ಹೋದಾಗ ನೀರು ಕನ್ನಡಿಯ ಹಾಗಿತ್ತು. ಮಂಜಿನ ನಡುವೆ ಬಿಳಿ ಕ್ಯಾನ್ ಕಂಡಾಗ ಆದ ಖುಷಿ ಹೇಳತೀರದು. ಲಂಗರಿನ ಹಗ್ಗವನ್ನು ಸರಪಳಿಯ ಬಳೆಯ ಒಳಗಿಂದ ತೂರಿಸಿದೆವು. ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದು ಹಗ್ಗ ಬಿಗಿ ಹಿಡಿದೆ. ಮಾವ ಬಳೆಯನ್ನು ಮೆಲ್ಲಗೆ ಇಳಿಬಿಟ್ಟರು. ತನ್ನ ಭಾರಕ್ಕೆ ಅದು ಹಗ್ಗದ ಗುಂಟ ಜಾರುತ್ತಾ ಹೋಯಿತು. ಒಂದು ಕಡೆ ನಿಂತಿತು. ನಾನು ಹಗ್ಗ ಸ್ವಲ್ಪ ಕುಲುಕಿದೆ, ಮತ್ತೆ ಜಾರಿತು. ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು ಹಗ್ಗದಲ್ಲಿ ಸ್ಪಷ್ಟವಾಗಿ ಬಂತು. ಬಳೆ ಲಂಗರಿನ ದಂಡ ಇಳಿದು, ಹಲ್ಲುಗಳು ಕೂಡುವ ಬುಡಕ್ಕೆ ಹೋಗಿ ಕೂತಿತ್ತು.

ಇದರ ಗುಟ್ಟು ಇಷ್ಟೇ. ಲಂಗರಿನ ಹಗ್ಗ ಕಟ್ಟಿರುವುದು ದಂಡದ ತುದಿಗೆ. ಅಲ್ಲಿಂದ ಎಳೆದರೆ ಹಲ್ಲು ಕಚ್ಚುತ್ತದೆ, ಅದನ್ನು ಮಾಡಿರುವುದೇ ಹಾಗೆ. ಬುಡದಿಂದ, ಎದುರು ದಿಕ್ಕಿಗೆ ಎಳೆದರೆ ಹಲ್ಲು ಹಿಂದಕ್ಕೆ ಸರಿಯುತ್ತದೆ. ಮೊದಲ ಹಗ್ಗ ಪೂರ್ತಿ ಸಡಿಲ ಬಿಟ್ಟು, ಎರಡನೆಯ ಹಗ್ಗ ಹಿಡಿದು ಮೂಡಣಕ್ಕೆ ಹುಟ್ಟು ಹಾಕಿದೆವು. ಎಂಜಿನ್ ಮುಟ್ಟಲೇ ಇಲ್ಲ. ಎರಡನೇ ಎಳೆತಕ್ಕೆ ಏನೋ ಜಾರಿದ ಹಾಗಾಯಿತು. ಮೂರನೆಯದಕ್ಕೆ ದೋಣಿ ಒಮ್ಮೆಲೇ ಮುಂದೆ ನುಗ್ಗಿತು. ನಾನು ಮುಗ್ಗರಿಸಿದೆ, ಮಾವ ನಕ್ಕರು. ಮೇಲೆ ಬಂದ ಲಂಗರಿನ ಒಂದು ಹಲ್ಲು ನೆಟ್ಟಗಾಗಿತ್ತು. ಅದರ ಸಂದಿಯಲ್ಲಿ ಕಪ್ಪಗಿನ ಮರದ ಒಂದು ಸಿಬರು. ಉಗುರಿನಲ್ಲಿ ಕೆರೆದು ನೋಡಿದೆ. ಒಳಗೆ ಇನ್ನೂ ಕೆಂಪಗಿತ್ತು, ಗಟ್ಟಿಯಾಗಿತ್ತು.

ಇನ್ನೊಂದು ಉಪಾಯವೂ ಇದೆ, ಅಲೆಯಿಂದ ಬಿಡಿಸುವುದು. ಲಾಂಚ್ ದೂರದಲ್ಲಿ ಹಾದುಹೋದರೆ ಸ್ವಲ್ಪ ಹೊತ್ತಿಗೆ ಅದರ ಅಲೆ ನಮ್ಮವರೆಗೂ ಬರುತ್ತಿತ್ತು. ಲಂಗರಿನ ನೆತ್ತಿಯ ಮೇಲೆ ನಿಂತು, ಮೂತಿ ಕೆಳಗಿಳಿದಾಗ ಸಡಿಲವಾದ ಹಗ್ಗ ಎಳೆದುಕೊಂಡು ಗೂಟಕ್ಕೆ ಒಂದು ಸುತ್ತು ಹಾಕಬೇಕು. ಮೂತಿ ಏಳುವಾಗ ದೋಣಿಯೇ ಲಂಗರನ್ನು ಎತ್ತುತ್ತದೆ. ಕೆಸರಿನಲ್ಲಿ ಹೂತ ಲಂಗರಿಗೆ ಇದು ಬಹಳ ಚೆನ್ನಾಗಿ ಆಗುತ್ತದೆ. ಅಲೆ ದೊಡ್ಡದಿದ್ದರೆ ಮಾತ್ರ ಬೇಡ, ಮೂತಿ ಏಳುವ ಬದಲು ಅಲೆಯೊಳಗೇ ಹೋಗುತ್ತದೆ.

ಎರಡು ವರ್ಷದ ಮೇಲೆ ಒಂದು ಲಂಗರು ಕಳೆದುಕೊಂಡೆ ಕೂಡ. ಹಗ್ಗ ಹಳೆಯದು, ಬೊಡ್ಡೆಗೆ ಉಜ್ಜಿ ಉಜ್ಜಿ ಎಳೆ ಬಿಟ್ಟಿದ್ದನ್ನು ನೋಡಿಯೂ ಬದಲಿಸಿರಲಿಲ್ಲ. ಎಳೆಯುವಾಗ ಮೇಲಿನಿಂದ ಒಂದು ಮಾರಿನಲ್ಲೇ ತುಂಡಾಯಿತು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತದೆ. ತುಂಡಾದರೆ ಚಾಟಿಯ ಹಾಗೆ ಹಿಂದೆ ಬಡಿಯುತ್ತದೆ. ನನ್ನ ಭುಜಕ್ಕೆ ಬಿತ್ತು, ಮುಖಕ್ಕೆ ಬೀಳಲಿಲ್ಲ. ಅಂದಿನಿಂದ ಬಿಗಿ ಹಗ್ಗದ ನೇರಕ್ಕೆ ನಾನು ಯಾರನ್ನೂ ಕೂರಿಸುವುದಿಲ್ಲ.

ಹಗ್ಗ ತುಂಡಾದ ಆ ದಿನ ಅಲ್ಲೇ ನಿಂತು ಮೊದಲು ಜಾಗದ ಗುರುತು ಮಾಡಿಕೊಂಡೆ. ದಡದ ಒಂಟಿ ಬೈನೆ ಮರವೂ ಅದರ ಹಿಂದಿನ ಗುಡ್ಡದ ತಗ್ಗೂ ಒಂದೇ ಗೆರೆಯಲ್ಲಿ. ಇನ್ನೊಂದು ಕಡೆ ನಡುಗಡ್ಡೆಯ ತುದಿಯೂ ಆಚೆ ದಡದ ಬಿಳಿ ಕಟ್ಟಡವೂ ಒಂದೇ ಗೆರೆಯಲ್ಲಿ. ಈ ಎರಡು ಗೆರೆ ಕೂಡುವಲ್ಲಿ ಲಂಗರು. ಮೊಬೈಲಿನಲ್ಲೂ ಗುರುತು ಹಾಕಿಕೊಂಡೆ, ಆದರೆ ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗೆರೆಗಳೇ ಹೆಚ್ಚು ನಂಬಿಕೆಯವು.

ಹುಡುಕಲು ತಂದದ್ದು ನಮ್ಮ ಬಾವಿಯ ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಈಗ ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದೆ. ಎಸೆಯಬೇಡಿ, ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ನಾನು ಹುಡುಕಿದ್ದು ಲಂಗರನ್ನಲ್ಲ, ಅದಕ್ಕೆ ಅಂಟಿಕೊಂಡು ತಳದಲ್ಲಿ ಮಲಗಿದ ಹಗ್ಗವನ್ನು. ಐದಾರು ಮಾರು ಉದ್ದದ ಹಗ್ಗ ಕೊಕ್ಕೆಗೆ ಸಿಗುವುದು ಸುಲಭ, ಲಂಗರು ಕಷ್ಟ. ನೈಲಾನ್ ಹಗ್ಗ ನೀರಿನಲ್ಲಿ ಮುಳುಗುತ್ತದೆ. ಆ ದಿನವೂ ಮೂಡಗಾಳಿ ಇದ್ದದ್ದರಿಂದ ಅದು ಗುರುತಿನಿಂದ ಪಡುವಣಕ್ಕೆ ಬಿದ್ದಿರಬೇಕು ಅಂತ ಲೆಕ್ಕ ಹಾಕಿದೆ. ಹಾಗಾಗಿ ಗುರುತಿನಿಂದ ಸ್ವಲ್ಪ ಪಡುವಣಕ್ಕೆ ಹೋಗಿ, ಬಡಗಣದಿಂದ ತೆಂಕಣಕ್ಕೆ, ಅಂದರೆ ಹಗ್ಗಕ್ಕೆ ಅಡ್ಡಲಾಗಿ, ಪಾತಾಳಗರಡಿಯನ್ನು ತಳಕ್ಕೆ ಸೋಕಿಸುತ್ತಾ ಎಳೆದೆ. ಹುಟ್ಟು ಮೆಲ್ಲಗೆ. ಅವಸರ ಮಾಡಿದರೆ ಕೊಕ್ಕೆ ತಳ ಬಿಟ್ಟು ತೇಲುತ್ತದೆ. ಐದನೇ ಸುತ್ತಿನಲ್ಲಿ ಸಿಕ್ಕಿತು. ಎರಡು ಗಂಟೆ ಹಿಡಿಯಿತು. ಮೇಲೆ ಬಂದ ತುದಿಗೆ ಹೊಸ ಹಗ್ಗ ಕಟ್ಟಿ, ಗಂಟು ದಾಟುವಷ್ಟು ದೊಡ್ಡ ಸರಪಳಿ ಬಳೆ ಇಳಿಸಿ, ಹಿಂದಿನ ಹಾಗೇ ಬಿಡಿಸಿದೆ.

ಈಗ ನನ್ನ ಲಂಗರು ಕಟ್ಟುವ ಕ್ರಮವೇ ಬೇರೆ. ಸರಪಳಿಯನ್ನು ದಂಡದ ತುದಿಯ ಬಳೆಗೆ ಕಟ್ಟುವುದಿಲ್ಲ, ಬುಡಕ್ಕೆ ಶ್ಯಾಕಲ್ ಹಾಕುತ್ತೇನೆ. ದಂಡದ ಗುಂಟ ಮೇಲೆ ತಂದು ತುದಿಯ ಬಳೆಗೆ ಕೇಬಲ್ ಟೈಯಿಂದ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿಯುತ್ತೇನೆ. ಸಾಮಾನ್ಯ ಹೊತ್ತಿನಲ್ಲಿ ಎಳೆತ ತುದಿಯಿಂದಲೇ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಕೇಬಲ್ ಟೈ ಕಡಿಯುತ್ತದೆ, ಎಳೆತ ಬುಡಕ್ಕೆ ಹೋಗುತ್ತದೆ, ಲಂಗರು ತಲೆಕೆಳಗಾಗಿ ಬರುತ್ತದೆ. ಮೊದಲು ಗೋಣಿದಾರ ಕಟ್ಟುತ್ತಿದ್ದೆ. ಅದು ನೀರಿನಲ್ಲಿ ಕೊಳೆತು ಬೇಡದ ಹೊತ್ತಿಗೆ ಕಡಿಯುತ್ತಿತ್ತು. ಕೇಬಲ್ ಟೈಯೂ ಜೋರು ಗಾಳಿಗೆ ಕಡಿಯಬಹುದು, ಹಾಗಾಗಿ ಇಂಥ ಲಂಗರು ನಂಬಿ ದೋಣಿ ಬಿಟ್ಟು ಹೋಗುವುದು, ನಿದ್ದೆ ಮಾಡುವುದು ಬೇಡ. ಹಲ್ಲುಗಳಿಗೆ ದಪ್ಪ ಸರಳು ಹಾಕಿಸುವುದನ್ನೂ ಬಿಟ್ಟಿದ್ದೇನೆ. ತೆಳು ಸರಳಾದರೆ ಎಳೆತಕ್ಕೆ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ, ಮನೆಗೆ ಬಂದು ಬಗ್ಗಿಸಿದರಾಯಿತು. ಗಾಳಿ ಇಲ್ಲದ ದಿನ ಲಂಗರೇ ಬೇಡ, ಮರಳು ತುಂಬಿದ ಚೀಲ ಸಾಕು.

ಮಳೆ ಕಡಿಮೆಯಾದ ಒಂದು ವರ್ಷ ಮೇ ತಿಂಗಳಲ್ಲಿ ನೀರು ತುಂಬಾ ಇಳಿದಿತ್ತು. ಮಾವ ಕರೆದರು, "ಬಾ, ನಿನ್ನ ಬೊಡ್ಡೆ ತೋರಿಸ್ತೀನಿ." ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋದೆವು. ಆ ಡಿಸೆಂಬರಿನ ಜಾಗವನ್ನು ಅವರು ದಡದ ಗುರುತಿನಿಂದಲೇ ಕಂಡುಹಿಡಿದರು. ಸೊಂಟದೆತ್ತರದ ಬೊಡ್ಡೆ. ಪಡುವಣಕ್ಕೆ ಹೋದ ಒಂದು ಬೇರು ನೆಲ ಬಿಟ್ಟು ಕಮಾನಿನ ಹಾಗೆ ಎದ್ದಿತ್ತು, ಅಡಿಯಲ್ಲಿ ಅಂಗೈ ತೂರುವಷ್ಟು ಸಂದಿ. ಬೇರಿನ ಸುತ್ತ ಹಗ್ಗ ಉಜ್ಜಿದ ನುಣುಪು ಗೆರೆ ಬೆರಳಿಗೆ ಸಿಕ್ಕಿತು. ಒಳಗಡೆ ಸಿಬರು ಹಾರಿದ ಗಾಯ. ಹತ್ತು ಹೆಜ್ಜೆ ಆಚೆ ಜಂಬಿಟ್ಟಿಗೆಯ ಮೂರು ಮೆಟ್ಟಿಲು ಇದ್ದವು, ಯಾರದೋ ಮನೆಯವು. ಮಾವ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿದರು. ನಾನು ಅಲ್ಲಿಂದ ಮೊಬೈಲ್ ತೆಗೆದು, ಸುತ್ತ ಕಂಡ ಒಂದೊಂದು ಬೊಡ್ಡೆಯ ಹತ್ತಿರವೂ ನಿಂತು ಗುರುತು ಹಾಕುತ್ತಾ ಹೋದೆ. ಸಂಜೆಯ ಹೊತ್ತಿಗೆ ಮೂವತ್ತೊಂದು ಆಗಿತ್ತು.